ಸಂತ ಲಾರೆನ್ಸರನ್ನು ನಿಜವಾಗಿಯೂ ಬೆಂಕಿಯಲ್ಲಿ ಸುಟ್ಟರಾ?

ಪ್ರಶ್ನೆ: ನಮ್ಮದು ಕಾರ್ಕಳದ ಹತ್ತಿರದ ಊರು, ಈಗ ಇರುವುದು ಬೆಂಗಳೂರಿನಲ್ಲಿ. ನಾವು ಕ್ರೈಸ್ತರಲ್ಲ. ಆದರೂ ಅಜ್ಜಿಯ ಕಾಲದಿಂದ ಅತ್ತೂರು ಜಾತ್ರೆಗೆ ಹೋಗುವುದು, ಮೇಣದಬತ್ತಿ ಹಚ್ಚುವುದು ತಪ್ಪಿಸಿಲ್ಲ. ಈ ಸಲ ಒಂಬತ್ತು ವರ್ಷದ ಮಗಳು ಸಂತ ಲಾರೆನ್ಸರ ಚಿತ್ರ ನೋಡಿ, "ಅಮ್ಮಾ, ಅವರ ಕೈಯಲ್ಲಿ ಕಬ್ಬಿಣದ ಜಾಲರಿ ಯಾಕೆ?" ಎಂದು ಕೇಳಿದಳು. ಅದರ ಮೇಲೆ ಮಲಗಿಸಿ ಸುಟ್ಟರಂತೆ ಎಂದುಬಿಟ್ಟೆ. ಅವತ್ತು ರಾತ್ರಿ ಅವಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಆಮೇಲೆ ಹುಡುಕಿದಾಗ, ಸುಟ್ಟದ್ದು ಕಟ್ಟುಕಥೆ, ತಲೆ ಕಡಿದದ್ದು ಎಂದೂ ಓದಿದೆ. ಯಾವುದು ನಿಜ? ಅಂಥ ಒಬ್ಬರು ಇದ್ದದ್ದಾದರೂ ಹೌದಾ? ಮಗಳಿಗೆ ಏನು ಹೇಳಲಿ?

ಉತ್ತರ: ಸುಲಭದ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ಲಾರೆನ್ಸರು ಇದ್ದರು. ರೋಮ್ ನಗರದ ಚರ್ಚಿನಲ್ಲಿ ಡೀಕನ್ ಆಗಿದ್ದರು. 258ರ ಆಗಸ್ಟ್ 10ರಂದು ಅವರನ್ನು ಕೊಂದರು. ಊರ ಹೊರಗೆ ಟಿಬುರ್ಟಿನಾ ಎಂಬ ರಸ್ತೆಯ ಪಕ್ಕ ಹೂಳಿದರು. 354ರಲ್ಲಿ ರೋಮ್‌ನಲ್ಲಿ ಸಿದ್ಧವಾದ ಒಂದು ಪಂಚಾಂಗ ಉಳಿದು ಬಂದಿದೆ. ಅದರಲ್ಲಿ ಹುತಾತ್ಮರ ದಿನಗಳ ಪಟ್ಟಿ ಇದೆ. ಆಗಸ್ಟ್ 10ರ ಮುಂದೆ ಲಾರೆನ್ಸ್ ಎಂಬ ಹೆಸರು, ಪಕ್ಕದಲ್ಲಿ ರಸ್ತೆಯ ಹೆಸರು. ಬೇರೆ ಒಂದು ಮಾತೂ ಇಲ್ಲ. ಯಾವತ್ತು, ಯಾವ ಸಮಾಧಿಯ ಹತ್ತಿರ ಸೇರಬೇಕು ಎಂದು ಜನರಿಗೆ ಗೊತ್ತಾಗಲಿ ಎಂದು ಬರೆದ ಪಟ್ಟಿ ಅದು. ಅವರು ಸತ್ತು ಆಗ ನೂರು ವರ್ಷವೂ ಆಗಿರಲಿಲ್ಲ. ತಾತ ಮೊಮ್ಮಗನಿಗೆ ಸಮಾಧಿ ತೋರಿಸಿ ಹೇಳುವಷ್ಟು ಹತ್ತಿರದ ಕಾಲ. ಹಾಗಾಗಿ ಮನುಷ್ಯ, ದಿನ, ಜಾಗ, ಈ ಮೂರರ ಬಗ್ಗೆ ಅನುಮಾನ ಬೇಡ.

ಇನ್ನು ಅವರನ್ನು ಹೇಗೆ ಕೊಂದರು ಎಂಬುದು. ಅದಕ್ಕೆ 258ರ ಆಗಸ್ಟ್ ತಿಂಗಳಲ್ಲಿ ರೋಮ್‌ನಲ್ಲಿ ಏನು ನಡೆಯುತ್ತಿತ್ತು ಎಂದು ನೋಡಬೇಕು.

ಆಗಿನ ಚಕ್ರವರ್ತಿ ವಲೇರಿಯನ್. ಗಡಿಗಳಲ್ಲಿ ಯುದ್ಧ ನಡೆಯುತ್ತಿತ್ತು, ಖಜಾನೆ ಬರಿದಾಗುತ್ತಿತ್ತು. 257ರಲ್ಲಿ ಅವನು ಮೊದಲ ಆಜ್ಞೆ ಹೊರಡಿಸಿದ. ಚರ್ಚಿನ ಮುಖಂಡರು ರೋಮನ್ ದೇವರುಗಳಿಗೆ ಪೂಜೆ ಸಲ್ಲಿಸಬೇಕು, ಕ್ರೈಸ್ತರು ತಮ್ಮ ಸ್ಮಶಾನಗಳಲ್ಲಿ ಸೇರಬಾರದು ಎಂದು. ಮಾರನೆಯ ವರ್ಷ ಎರಡನೆಯ ಆಜ್ಞೆ ಬಂತು. ಅದು ತುಂಬಾ ಕಠೋರ. ಬಿಷಪ್, ಪಾದ್ರಿ, ಡೀಕನ್ ಯಾರೇ ಸಿಕ್ಕರೂ ತಕ್ಷಣ ಕೊಲ್ಲಬೇಕು. ಕ್ರೈಸ್ತರಾಗಿರುವ ದೊಡ್ಡ ಮನೆತನದವರ ಪದವಿ, ಆಸ್ತಿ ಎಲ್ಲ ಕಿತ್ತುಕೊಳ್ಳಬೇಕು.

ಇದು ಹೇಗೆ ಗೊತ್ತು ಅಂತೀರಾ? ಆಫ್ರಿಕಾದ ಕಾರ್ಥೇಜ್ ನಗರದ ಬಿಷಪ್ ಸಿಪ್ರಿಯನ್ ಸುದ್ದಿ ತಿಳಿಯಲೆಂದೇ ರೋಮ್‌ಗೆ ಜನ ಕಳಿಸಿದ್ದರು. ಅವರು ತಂದ ಸುದ್ದಿಯನ್ನು ಸಿಪ್ರಿಯನ್ ಇನ್ನೊಬ್ಬ ಬಿಷಪ್‌ಗೆ ಕಾಗದದಲ್ಲಿ ಬರೆದರು. ಆ ಕಾಗದ ಉಳಿದಿದೆ. ಆಗಸ್ಟ್ 6ರಂದು ಪೋಪ್ ಸಿಕ್ಸ್ಟಸ್ ಅವರನ್ನು ಸ್ಮಶಾನದಲ್ಲೇ ಕೊಂದರು, ಜೊತೆಗೆ ನಾಲ್ಕು ಡೀಕನ್‌ರನ್ನೂ ಕೊಂದರು ಎಂದು ಅದರಲ್ಲಿದೆ. ನಗರದ ಅಧಿಕಾರಿಗಳು ದಿನವೂ ಇದೇ ಕೆಲಸದಲ್ಲಿದ್ದಾರೆ, ಸಿಕ್ಕವರನ್ನು ಕೊಂದು ಆಸ್ತಿಯನ್ನು ಖಜಾನೆಗೆ ಸೇರಿಸುತ್ತಿದ್ದಾರೆ ಎಂದೂ ಇದೆ. ತಮ್ಮ ಸರದಿಯೂ ಹತ್ತಿರ ಬಂದಿದೆ ಎಂದು ಗೊತ್ತಿದ್ದೇ ಅವರು ಇದನ್ನು ಬರೆದದ್ದು. ಸೆಪ್ಟೆಂಬರ್ 14ರಂದು ಕಾರ್ಥೇಜ್‌ನಲ್ಲಿ ಅವರ ತಲೆಯನ್ನೂ ಕಡಿದರು.

ರೋಮ್‌ನಲ್ಲಿ ಒಟ್ಟು ಏಳು ಡೀಕನ್‌ಗಳು. ಆಗಸ್ಟ್ 6ರಂದೇ ಆರು ಜನ ಸತ್ತರು ಎಂದು ರೋಮ್‌ನ ಸಂಪ್ರದಾಯ ಹೇಳುತ್ತದೆ. ಉಳಿದವರು ಒಬ್ಬರೇ, ಲಾರೆನ್ಸ್. ಅವರು ಸತ್ತದ್ದು ನಾಲ್ಕು ದಿನ ತಡವಾಗಿ.

ಸಿಕ್ಕ ತಕ್ಷಣ ಕೊಲ್ಲಿ ಎಂಬ ಆಜ್ಞೆ ಇರುವಾಗ ಒಬ್ಬರನ್ನು ಮಾತ್ರ ಯಾಕೆ ಉಳಿಸಿಕೊಂಡರು? ನನ್ನ ಮಟ್ಟಿಗೆ ಇಡೀ ಕಥೆಯ ಬಾಗಿಲು ತೆರೆಯುವುದು ಇಲ್ಲೇ.

ಉತ್ತರ ಸಿಗಬೇಕಾದರೆ ಡೀಕನ್ ಅಂದರೆ ಯಾರು ಎಂದು ತಿಳಿಯಬೇಕು. ಪದವಿಯಲ್ಲಿ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗೆ. ಪೂಜೆಯ ಹೊತ್ತಿನಲ್ಲಿ ಬಿಷಪ್‌ಗೆ ಸಹಾಯಕ. ಪೂಜೆ ಮುಗಿದ ಮೇಲೆಯೇ ಅವರ ನಿಜವಾದ ದುಡಿಮೆ. ಕಾಣಿಕೆ ಎಷ್ಟು ಬಂತು, ಯಾರ ಮನೆಗೆ ಎಷ್ಟು ಹೋಗಬೇಕು, ಯಾವ ವಿಧವೆಗೆ ಮಕ್ಕಳು ಎಷ್ಟು, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರನ್ನು ಹೂಳಲು ಜಾಗ ಬೇಕು, ಇದೆಲ್ಲ ಅವರದೇ ಲೆಕ್ಕ.

ಆ ಲೆಕ್ಕದ ಒಂದು ತುಣುಕು ನಮಗೆ ಸಿಕ್ಕಿದೆ. ಅದು ನನಗೆ ಈ ಕಾಲದ ದಾಖಲೆಗಳಲ್ಲೆಲ್ಲ ಅತ್ಯಂತ ಪ್ರೀತಿಯದು. ಲಾರೆನ್ಸರ ಸಾವಿಗೆ ಏಳೆಂಟು ವರ್ಷ ಮೊದಲು, ಸುಮಾರು 251ರಲ್ಲಿ, ಪೋಪ್ ಕೊರ್ನೇಲಿಯಸ್ ಬೇರೊಂದು ಜಗಳದ ವಿಷಯವಾಗಿ ಅಂತಿಯೋಕ್ಯದ ಬಿಷಪ್‌ಗೆ ಕಾಗದ ಬರೆದರು. ಅದರಲ್ಲಿ ಮಾತಿನ ನಡುವೆ ರೋಮ್ ಚರ್ಚಿನ ಲೆಕ್ಕ ಕೊಟ್ಟಿದ್ದಾರೆ. 46 ಪಾದ್ರಿಗಳು, 7 ಡೀಕನ್‌ಗಳು, 7 ಉಪಡೀಕನ್‌ಗಳು, 42 ಪೂಜಾ ಸಹಾಯಕರು, ದೆವ್ವ ಬಿಡಿಸುವವರು, ಗ್ರಂಥ ಓದುವವರು, ಬಾಗಿಲು ಕಾಯುವವರು ಸೇರಿ 52. ಅದರ ಕೆಳಗೆ ಇನ್ನೊಂದು ಸಂಖ್ಯೆ: ವಿಧವೆಯರು ಮತ್ತು ಕಷ್ಟದಲ್ಲಿರುವವರು 1500ಕ್ಕೂ ಹೆಚ್ಚು. ಇವರೆಲ್ಲರ ಊಟ ಚರ್ಚಿನದು.

ಸರಿಯಾಗಿ ಹಂಚಿದರೆ ಒಬ್ಬ ಡೀಕನ್ ಪಾಲಿಗೆ ಇನ್ನೂರಕ್ಕೂ ಜಾಸ್ತಿ ಜನ. ಆ ಚರ್ಚಿಗೆ ಸರ್ಕಾರದ ಮಾನ್ಯತೆ ಇರಲಿಲ್ಲ. ಎಂದು ಯಾರ ತಲೆ ಹೋಗುತ್ತದೋ ಎಂಬ ಭಯದಲ್ಲಿ ಬದುಕುತ್ತಿದ್ದರು. ಅಂಥ ಕಾಲದಲ್ಲೂ 1500 ಜನರ ಪಟ್ಟಿ ತಪ್ಪದಂತೆ ನೋಡಿಕೊಂಡವರು ಅವರು.

ಈಗ ನಗರದ ಅಧಿಕಾರಿಯ ಜಾಗದಲ್ಲಿ ನಿಂತು ನೋಡಿ. ಪೋಪ್ ಸತ್ತಾಯಿತು. ಉಳಿದ ಡೀಕನ್‌ಗಳೂ ಸತ್ತಾಯಿತು. ಹಣ ಎಲ್ಲಿದೆ ಎಂದು ಹೇಳಬಲ್ಲವನು ಒಬ್ಬನೇ. ಅವನನ್ನೂ ಕೊಂದರೆ ಖಜಾನೆಗೆ ಏನು ಸೇರಿಸುವುದು? ನಾಲ್ಕು ದಿನ ಉಳಿಸಿಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ. ಲಾರೆನ್ಸರ ಬಗ್ಗೆ ಎಲ್ಲರೂ ಹೇಳುವ ಕಥೆಯೂ ಈ ನಾಲ್ಕು ದಿನಗಳಲ್ಲೇ ನಡೆಯುತ್ತದೆ.

ಕಥೆ ಹೀಗಿದೆ. ಅಧಿಕಾರಿ ಅವರನ್ನು ಕರೆಸಿದ. ನಿಮ್ಮಲ್ಲಿ ಚಿನ್ನದ ಪಾತ್ರೆ, ಬೆಳ್ಳಿ ಬಟ್ಟಲು ಎಲ್ಲ ಇದೆಯಂತೆ, ತಂದು ಒಪ್ಪಿಸು ಎಂದ. ಲಾರೆನ್ಸ್ ಇಲ್ಲ ಎನ್ನಲಿಲ್ಲ. ಹೌದು, ನಮ್ಮ ಚರ್ಚು ಶ್ರೀಮಂತವೇ, ಪಟ್ಟಿ ಮಾಡಬೇಕು, ಮೂರು ದಿನ ಸಮಯ ಕೊಡಿ ಎಂದರು. ಅಧಿಕಾರಿ ಖುಷಿಯಾದ. ಲಾರೆನ್ಸ್ ಊರೆಲ್ಲ ಓಡಾಡಿದರು. ಕೋಲಿನಿಂದ ನೆಲ ತಡವುತ್ತಾ ನಡೆಯುವ ಕುರುಡರು, ಮೊಣಕಾಲು ಮುರಿದವರು, ಮೈತುಂಬಾ ಹುಣ್ಣಾದವರು, ಕೈ ಒಣಗಿಹೋದವರು, ಎಲ್ಲರನ್ನೂ ಕರೆತಂದರು. ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡರು. ಚರ್ಚಿನ ಎದುರು ಉದ್ದಕ್ಕೆ ಸಾಲಾಗಿ ನಿಲ್ಲಿಸಿದರು. ಆಮೇಲೆ ಅಧಿಕಾರಿಯನ್ನು ಕರೆದು, ಇಗೋ, ಚರ್ಚಿನ ಸಂಪತ್ತು ಇದೇ ಎಂದರು.

ಇಷ್ಟು ವಿವರವಾಗಿ ಈ ಕಥೆ ಹೇಳಿದವರು ಸ್ಪೇನ್ ದೇಶದ ಕವಿ ಪ್ರುಡೆನ್ಷಿಯಸ್. 348ರಲ್ಲಿ ಹುಟ್ಟಿದವರು, 400ರ ಆಸುಪಾಸಿನಲ್ಲಿ ಬರೆದರು. ಕವಿಯ ಬಣ್ಣ ಅದರಲ್ಲಿ ಖಂಡಿತ ಇದೆ. ಆದರೆ ಒಂದು ಸಾಲು ನನ್ನನ್ನು ಪ್ರತಿ ಸಲ ಹಿಡಿದು ನಿಲ್ಲಿಸುತ್ತದೆ: ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡರು ಎಂಬುದು. ಕೊರ್ನೇಲಿಯಸರ ಕಾಗದ ಓದಿ ಆಮೇಲೆ ಈ ಸಾಲು ಓದಿ ನೋಡಿ. ಡೀಕನ್ ದಿನವೂ ಮಾಡುತ್ತಿದ್ದ ಕೆಲಸವೇ ಅದು. ಸಾಯುವ ಮೂರು ದಿನ ಮೊದಲೂ ಅವರು ಮಾಡಿದ್ದು ಅದನ್ನೇ.

ಮಿಲಾನಿನ ಬಿಷಪ್ ಅಂಬ್ರೋಸ್ ಕೂಡ ಈ ಕಥೆಯನ್ನು ಪ್ರುಡೆನ್ಷಿಯಸರಿಗಿಂತ ಸ್ವಲ್ಪ ಮೊದಲೇ ಬರೆದಿದ್ದಾರೆ. ಅವರು ಅದನ್ನು ಹೇಳಿದ ಸಂದರ್ಭ ಗಮನಿಸಬೇಕು. ಯುದ್ಧದಲ್ಲಿ ಸೆರೆಸಿಕ್ಕವರನ್ನು ಬಿಡಿಸಲು ಅಂಬ್ರೋಸ್ ತಮ್ಮ ಚರ್ಚಿನ ಪೂಜಾ ಪಾತ್ರೆಗಳನ್ನೇ ಒಡೆಸಿ ಹಣ ಮಾಡಿದ್ದರು. ಪವಿತ್ರ ಪಾತ್ರೆಗಳನ್ನು ಒಡೆದರು ಎಂದು ವಿರೋಧಿಗಳು ಬೈದರು. ಆಗ ಅವರು ತಮ್ಮ ಪರವಾಗಿ ಲಾರೆನ್ಸರನ್ನು ಕರೆದರು. ನೂರಮೂವತ್ತು ವರ್ಷದ ಹಿಂದೆ ಸತ್ತ ಡೀಕನ್ ಒಬ್ಬರು, ಆಗ ಸೆರೆಯಲ್ಲಿದ್ದವರ ಸರಪಳಿ ಬಿಚ್ಚಿಸಲು ನೆರವಾದರು.

ಈಗ ಜಾಲರಿಯ ವಿಷಯ.

ಬೆಂಕಿಯ ವಿರುದ್ಧ ಹೇಳುವವರ ವಾದ ಬಲವಾಗಿಯೇ ಇದೆ. ಆಜ್ಞೆಯಲ್ಲಿ ತಕ್ಷಣ ಕೊಲ್ಲಿ ಎಂದಿದೆ. ಸಿಕ್ಸ್ಟಸ್ ಸತ್ತದ್ದು ಕತ್ತಿಯಿಂದ. ಸಿಪ್ರಿಯನ್ ಸತ್ತದ್ದೂ ಕತ್ತಿಯಿಂದ. ನಿಧಾನವಾಗಿ ಸುಡುವುದು ಇದಕ್ಕೆ ಹೊಂದುವುದಿಲ್ಲ. ಜೊತೆಗೆ ಕೆಲವು ವಿದ್ವಾಂಸರು ಒಂದು ಅಕ್ಷರದ ಸಾಧ್ಯತೆ ತೋರಿಸಿದ್ದಾರೆ. ಲ್ಯಾಟಿನ್‌ನಲ್ಲಿ 'ಪಸ್ಸುಸ್ ಎಸ್ಟ್' ಅಂದರೆ ಯಾತನೆ ಪಟ್ಟರು, ಅಂದರೆ ಹುತಾತ್ಮರಾದರು ಎಂದು. 'ಅಸ್ಸುಸ್ ಎಸ್ಟ್' ಅಂದರೆ ಬೆಂದರು ಎಂದು. ನಕಲು ಮಾಡುವವರ ಕೈಯಲ್ಲಿ ಮೊದಲ ಅಕ್ಷರ ಬಿಟ್ಟುಹೋದರೆ ಸಾಕು, ಸಾವಿನ ರೀತಿಯೇ ಬದಲಾಗುತ್ತದೆ. ನೀವು ಓದಿದ್ದು ಬಹುಶಃ ಇದೇ ವಾದ.

ಇದು ನನ್ನನ್ನು ಪೂರ್ತಿ ಒಪ್ಪಿಸುವುದಿಲ್ಲ. ಪೋಪ್ ದಮಾಸಸ್ 366ರಿಂದ 384ರವರೆಗೆ ಇದ್ದವರು. ಹುತಾತ್ಮರ ಸಮಾಧಿಗಳನ್ನು ಹುಡುಕಿ, ಸರಿಪಡಿಸಿ, ಅಲ್ಲಿ ಪದ್ಯ ಕೆತ್ತಿಸುವುದು ಅವರ ಜೀವನದ ಕೆಲಸವಾಗಿತ್ತು. ಲಾರೆನ್ಸರಿಗೆ ಅವರು ಬರೆದ ಪದ್ಯದಲ್ಲಿ ಹೊಡೆತ, ಬೆಂಕಿ, ಹಿಂಸೆ, ಸರಪಳಿ ಎಲ್ಲವನ್ನೂ ಹೆಸರಿಸಿ, ಇವನ್ನೆಲ್ಲ ಲಾರೆನ್ಸರ ನಂಬಿಕೆಯೊಂದೇ ಗೆದ್ದಿತು ಎನ್ನುತ್ತಾರೆ. ಅಲ್ಲಿ ಇರುವುದು ಜ್ವಾಲೆ ಎಂಬ ಬೇರೆಯೇ ಪದ. ಒಂದು ಅಕ್ಷರ ಬಿದ್ದುಹೋಗಿ ಬಂದದ್ದಲ್ಲ. ಇನ್ನೊಂದು ವಿಷಯ. ಇದೇ ವಲೇರಿಯನ್ ಕಾಲದಲ್ಲಿ, 259ರ ಜನವರಿ 21ರಂದು, ಸ್ಪೇನ್‌ನ ತರಗೋನಾದಲ್ಲಿ ಬಿಷಪ್ ಫ್ರುಕ್ಟುಯೋಸುಸ್ ಅವರನ್ನು ಇಬ್ಬರು ಡೀಕನ್‌ಗಳ ಜೊತೆ ಜೀವಂತ ಸುಟ್ಟರು. ಆ ವಿಚಾರಣೆಯ ವರದಿ ನಂಬಲು ಯೋಗ್ಯವಾದದ್ದು. ಅಂದರೆ ಆಗ ಸುಡುತ್ತಿರಲಿಲ್ಲ ಎನ್ನಲು ಬರುವುದಿಲ್ಲ. ಅದರಲ್ಲೂ ಹಣ ಎಲ್ಲಿದೆ ಎಂದು ಬಾಯಿಬಿಡಿಸಬೇಕಾದವನನ್ನು ರೋಮನ್ ಅಧಿಕಾರಿಗಳು ಮರ್ಯಾದೆಯಿಂದ ಕಂಡಿರುತ್ತಾರೆ ಎಂದು ನನಗೆ ಅನಿಸುವುದಿಲ್ಲ.

ನನ್ನ ತೀರ್ಮಾನ ಇಷ್ಟು. ಸಾವು ಖಚಿತ. ಬೆಂಕಿಯ ನೆನಪು ಹಳೆಯದು, ಅದನ್ನು ಕಟ್ಟುಕಥೆ ಎಂದು ತಳ್ಳಿಹಾಕುವುದು ಅವಸರದ ಮಾತು. ಆದರೆ ಜಾಲರಿ, ಅದರ ಮೇಲೆ ಆಡಿದ ಮಾತು, ಇವು ಸಾವಾಗಿ ನೂರು ವರ್ಷ ದಾಟಿದ ಮೇಲೆ ಬರವಣಿಗೆಗೆ ಬಂದವು. ಆ ಮಾತು ನಿಮಗೂ ಗೊತ್ತಿರಬಹುದು: ಈ ಮಗ್ಗುಲು ಬೆಂದಿದೆ, ತಿರುಗಿಸಿ ಹಾಕಿ, ಆಮೇಲೆ ತಿನ್ನಿ. ಅಂಬ್ರೋಸ್ ಇದನ್ನು ದಾಖಲಿಸಿದ್ದಾರೆ. ಅಡುಗೆಯವರು ಲಾರೆನ್ಸರನ್ನು ತಮ್ಮ ಸಂತ ಎಂದುಕೊಂಡದ್ದೂ ಇದರಿಂದಲೇ.

ಆಮೇಲೆ ಬಂದ ಕಥೆಗಳು ಇನ್ನೂ ಬೆಳೆದವು. ಅವುಗಳಲ್ಲಿ ಲಾರೆನ್ಸರನ್ನು ಕೊಲ್ಲಿಸುವುದು ಡೇಸಿಯಸ್ ಚಕ್ರವರ್ತಿ. ಅವನು 251ರಲ್ಲೇ ಯುದ್ಧದಲ್ಲಿ ಸತ್ತಿದ್ದ. ಅವರ ಹುಟ್ಟೂರು ಸ್ಪೇನ್‌ನ ವೇಸ್ಕಾ ಎಂಬ ಮಾತೂ ಹಾಗೆಯೇ ತಡವಾಗಿ ಬಂದದ್ದು. ಸ್ಪೇನಿನವರೇ ಆದ ಪ್ರುಡೆನ್ಷಿಯಸ್, ಲಾರೆನ್ಸರ ಸಮಾಧಿ ಇರುವ ಊರಿನಲ್ಲಿ ಬದುಕುವ ರೋಮ್‌ನವರು ಎಷ್ಟು ಪುಣ್ಯವಂತರು, ನಾವೋ ನದಿ ಬೆಟ್ಟಗಳ ಆಚೆ ದೂರದಲ್ಲಿದ್ದೇವೆ ಎಂದು ಕೊರಗುತ್ತಾರೆ. ನಮ್ಮೂರಿನವರೇ ಎಂದು ಗೊತ್ತಿದ್ದರೆ ಅದನ್ನು ಹೇಳದೆ ಬಿಡುತ್ತಿದ್ದರಾ?

ಇನ್ನು ವಲೇರಿಯನ್. 260ರಲ್ಲಿ ಅವನು ಪರ್ಷಿಯಾದ ರಾಜ ಶಾಪುರನ ಕೈಗೆ ಸೆರೆಸಿಕ್ಕಿದ, ಮತ್ತೆ ಊರಿಗೆ ಬರಲಿಲ್ಲ. ಅವನ ಮಗ ಗಲ್ಲಿಯೇನಸ್ ಹಿಂಸೆ ನಿಲ್ಲಿಸಿ, ಕಿತ್ತುಕೊಂಡಿದ್ದ ಸ್ಮಶಾನಗಳನ್ನು ಕ್ರೈಸ್ತರಿಗೆ ವಾಪಸ್ ಕೊಟ್ಟ. ಲಾರೆನ್ಸರ ಸಮಾಧಿಯ ಹತ್ತಿರ ಜನ ಮತ್ತೆ ಸೇರಲು ದಾರಿಯಾಯಿತು.

ಮುಂದೆ ಕಾನ್‌ಸ್ಟಂಟೈನ್ ಚಕ್ರವರ್ತಿ ಆ ಸಮಾಧಿಯ ಪಕ್ಕದಲ್ಲೇ ದೊಡ್ಡ ಬಸಿಲಿಕಾ ಕಟ್ಟಿಸಿದ. ಕ್ಯಾಥೋಲಿಕ್ ಪೂಜೆಯ ಹಳೆಯ ಪ್ರಾರ್ಥನೆಯಲ್ಲಿ ಸಿಕ್ಸ್ಟಸ್, ಲಾರೆನ್ಸ್ ಎಂಬ ಹೆಸರುಗಳನ್ನು ಇವತ್ತಿಗೂ ಹೇಳುತ್ತಾರೆ. ಕೆನಡಾದ ಸೇಂಟ್ ಲಾರೆನ್ಸ್ ನದಿಗೆ ಆ ಹೆಸರು ಬರಲು ಕಾರಣ, 1535ರ ಆಗಸ್ಟ್ 10ರಂದು ಫ್ರಾನ್ಸಿನ ನಾವಿಕ ಜಾಕ್ ಕಾರ್ತಿಯೇ ಅಲ್ಲಿನ ಒಂದು ಕೊಲ್ಲಿಗೆ ಆ ದಿನದ ಸಂತರ ಹೆಸರಿಟ್ಟದ್ದು. ಆಗಸ್ಟ್ ಎರಡನೇ ವಾರ ಆಕಾಶದಲ್ಲಿ ಉಲ್ಕೆಗಳು ಉದುರುತ್ತವೆ ಅಲ್ವಾ, ಇಟಲಿಯಲ್ಲಿ ಅದನ್ನು ಸಂತ ಲಾರೆನ್ಸರ ಕಣ್ಣೀರು ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಅದು ಆಟಿ ತಿಂಗಳ ಮಳೆಗಾಲ, ನಕ್ಷತ್ರವೇ ಕಾಣುವುದು ಕಷ್ಟ.

ಅತ್ತೂರಿನ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದೊಡ್ಡ ಜಾತ್ರೆ ಜನವರಿಯಲ್ಲಿ. ಸಂತರ ಮೂರ್ತಿಯನ್ನು ದಾರಿಯಲ್ಲಿ ಕೆಳಗಿಳಿಸಿದಾಗ ಮತ್ತೆ ಎತ್ತಲು ಬರಲಿಲ್ಲ, ಅದಕ್ಕೇ ಅಲ್ಲೇ ಇಗರ್ಜಿ ಕಟ್ಟಿದರು ಎಂಬ ಕಥೆಯನ್ನು ನಿಮ್ಮ ಅಜ್ಜಿಯೂ ಹೇಳಿರಬಹುದು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬಸಿಲಿಕಾ ಎಂದು ಘೋಷಿಸಿದರು. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬಸಿಲಿಕಾ ಬಿಟ್ಟರೆ ಕರ್ನಾಟಕದಲ್ಲಿ ಆ ಪದವಿ ಪಡೆದ ಎರಡನೆಯ ಚರ್ಚು. ನೀವು ಕ್ರೈಸ್ತರಲ್ಲ ಎಂದು ಸ್ವಲ್ಪ ಸಂಕೋಚದಿಂದ ಬರೆದಿದ್ದೀರಿ. ಸಂಕೋಚ ಬೇಡ. ಅಲ್ಲಿ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುವವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇರುತ್ತಾರೆ.

ಕೊನೆಗೆ ಮಗಳ ವಿಷಯ. ನೀವು ಅವಳಿಗೆ ಸುಳ್ಳು ಹೇಳಿಲ್ಲ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಆದರೆ ಕಥೆಯನ್ನು ಕೊನೆಯಿಂದ ಶುರು ಮಾಡಿದ್ದೀರಿ. ಇನ್ನೊಮ್ಮೆ ಕೂರಿಸಿಕೊಂಡು ಮೊದಲಿನಿಂದ ಹೇಳಿ. ಒಂದು ದೊಡ್ಡ ಊರು, ಅಲ್ಲಿ ಊಟಕ್ಕಿಲ್ಲದವರು 1500 ಜನ, ಅವರೆಲ್ಲರ ಹೆಸರು ಗೊತ್ತಿದ್ದ ಒಬ್ಬರು. ರಾಜನ ಅಧಿಕಾರಿ ಚಿನ್ನ ಕೇಳಿದ. ಅವರು ಮೂರು ದಿನ ಓಡಾಡಿ ಏನು ತಂದರು ಹೇಳು ನೋಡೋಣ ಎಂದು ಅವಳನ್ನೇ ಕೇಳಿ. ಉತ್ತರ ಅವಳೇ ಹೇಳಿದರೂ ಹೇಳಿಯಾಳು. ಆ ಅಧಿಕಾರಿಗೆ ಸಿಟ್ಟು ಬಂತು, ಅವರನ್ನು ಕೊಂದರು ಎಂಬುದನ್ನು ಮುಚ್ಚಿಡಬೇಡಿ. ಬೆಂಕಿಯಲ್ಲಿ ಎಂದು ಹಳೆಯ ಜನ ಹೇಳುತ್ತಾರೆ, ಕತ್ತಿಯಿಂದ ಎಂದು ಕೆಲವರು ಹೇಳುತ್ತಾರೆ ಎನ್ನಿ. ಮಕ್ಕಳಿಗೆ ಅಷ್ಟು ಅರ್ಥವಾಗುತ್ತದೆ.

ಒಂದು ಚಿತ್ರವನ್ನೂ ತೋರಿಸಿ. ಲಾರೆನ್ಸರ ಸಮಾಧಿ ಇರುವ ರೋಮ್‌ನ ಬಸಿಲಿಕಾದ ಒಳಗೆ, ಕಮಾನಿನ ಮೇಲೆ, 6ನೇ ಶತಮಾನದ ಕೊನೆಯಲ್ಲಿ ಪೋಪ್ ಎರಡನೇ ಪೆಲಾಜಿಯಸ್ ಮಾಡಿಸಿದ ಮೊಸಾಯಿಕ್ ಇದೆ. ಬಣ್ಣದ ಸಣ್ಣ ಸಣ್ಣ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ. 1943ರ ಜುಲೈ 19ರಂದು ಬಾಂಬು ಬಿದ್ದು ಆ ಬಸಿಲಿಕಾದ ಮುಂಭಾಗ, ಮಾಡು ಎಲ್ಲ ಕುಸಿದಿತ್ತು. ಕಮಾನಿನ ಚಿತ್ರ ಉಳಿಯಿತು. ಅದರಲ್ಲಿ ಲಾರೆನ್ಸರ ಕೈಯಲ್ಲಿ ಜಾಲರಿ ಇಲ್ಲ, ಸುತ್ತ ಬೆಂಕಿಯೂ ಇಲ್ಲ. ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ತೆರೆದ ಪುಸ್ತಕ. ಪುಸ್ತಕದ ಪುಟ ನಮ್ಮ ಕಡೆಗೇ ತಿರುಗಿದೆ, ಅಕ್ಷರ ಓದಬಹುದು. ಬೈಬಲ್ಲಿನ ಕೀರ್ತನೆಯೊಂದರ ಲ್ಯಾಟಿನ್ ಮಾತು ಅದು. ಮಗಳು ಏನು ಬರೆದಿದೆ ಎಂದು ಕೇಳಿದರೆ ಹೀಗೆ ಓದಿ ಹೇಳಿ: "ಹಂಚಿದ, ಬಡವರಿಗೆ ಕೊಟ್ಟ."